ಉಳಿದರ್ಧ ಮಂಡಿ ಒದಗಿಸುವ ಬಗ್ಗೆ

ತಕ್ಕಡಿ ಸಾಹೇಬರ ಎಡಮಂಡಿ ಸವೆದದ್ದು ಕರ್ತವ್ಯನಿಷ್ಠೆಯಿಂದ. ಇದು ಬೇರೆ ಯಾರ ಅಭಿಪ್ರಾಯವೂ ಅಲ್ಲ, ಅವರದೇ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷದಿಂದ ಇನ್ಸ್‌ಪೆಕ್ಟರಾಗಿರುವವರು ಅವರು. ಅಂಗಡಿಗೆ ಕಾಲಿಟ್ಟ ಕೂಡಲೇ ಎಡಮಂಡಿ ಊರಿ, ತಲೆ ತಗ್ಗಿಸಿ, ತಕ್ಕಡಿಯ ತಟ್ಟೆಯ ಅಡಿಗೆ ಯಾರಾದರೂ ಮೇಣ ಮೆತ್ತಿದ್ದಾರೋ, ಅಯಸ್ಕಾಂತ ಅಂಟಿಸಿದ್ದಾರೋ ಎಂದು ಬೆರಳಾಡಿಸಿ ನೋಡುವುದು ಅವರ ಪದ್ಧತಿ. ಇಷ್ಟು ವರ್ಷದಲ್ಲಿ ಸಿಕ್ಕಿದ ಮೇಣವನ್ನೆಲ್ಲ ಸೇರಿಸಿದರೆ ಒಂದು ಮುಷ್ಟಿ ತುಂಬುತ್ತಿರಲಿಲ್ಲ. ಆದರೆ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುವ ಹಂತಕ್ಕೆ ಬಂದಿತ್ತು.

ಆಸ್ಪತ್ರೆಯ ಮೂಳೆ ವಿಭಾಗದ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು.

"ಒಳಗಡೆ ಭಾಗ ಮಾತ್ರ ಸವೆದಿದೆ. ಹೊರಗಡೆದು ಚೆನ್ನಾಗಿದೆ, ಚಿಪ್ಪಿನ ಹಿಂದಿನದೂ ಗಟ್ಟಿಯಾಗಿದೆ. ಅದನ್ನೆಲ್ಲ ನಾವು ಮುಟ್ಟೋದು ಬೇಡ. ಅರ್ಧ ಮಂಡಿ ಬದಲಾಯಿಸಿದ್ರೆ ಸಾಕು."

ಸಾಹೇಬರ ಹುಬ್ಬು ಮೇಲೇರಿತು. "ಅರ್ಧಾನಾ?"

"ಅರ್ಧ."

"ನೋಡಿ ಮೇಡಂ, ನಮ್ಮ ಇಲಾಖೆಯಲ್ಲಿ ಅರ್ಧ ಕಿಲೋ ಅಂದ್ರೂ ಪೂರ್ತಿ ಅರ್ಧ ಕಿಲೋ ಇರಬೇಕು."

"ಇದೂ ಪೂರ್ತಿ ಅರ್ಧವೇ ಸರ್," ಎಂದರು ಡಾಕ್ಟರಮ್ಮ, ನಗದೆ.

ಆಮೇಲೆ ಅವರು ಹತ್ತು ನಿಮಿಷ ಮಾತಾಡಿದರು. ಅರ್ಧ ಹಾಕಿಸಿಕೊಂಡವರು ಬೇಗ ಏಳುತ್ತಾರೆ, ಕಾಲು ತಮ್ಮದೇ ಎನ್ನಿಸುತ್ತದೆ, ಹೆಚ್ಚು ಮಡಚುತ್ತದೆ. ಹಾಗೆಯೇ ಬರಬಹುದಾದ ತೊಂದರೆಗಳು ಇಂತಿಂಥವು, ಎಲ್ಲ ಈ ಕಾಗದದಲ್ಲಿದೆ, ಓದಿ ಸಹಿ ಮಾಡಿ ಎಂದರು. ಸಾಹೇಬರ ಕಿವಿಯಲ್ಲಿ ಉಳಿದದ್ದು ಒಂದೇ ಮಾತು: ಅರ್ಧ. ಜೀವಮಾನವೆಲ್ಲ ಕಡಿಮೆ ತೂಗುವವರ ಬೆನ್ನು ಹತ್ತಿದ ಮನುಷ್ಯನ ಮೈಯೊಳಗೇ ಅರ್ಧದ ವ್ಯವಹಾರ! ಅವರು ಒಂದು ಸಾಲೂ ಓದದೆ ಎಲ್ಲ ಪುಟಗಳಿಗೂ ಸಹಿ ಜಡಿದರು.

ಈ ಅವಮಾನ ಅಷ್ಟು ಆಳಕ್ಕೆ ಇಳಿಯಲು ಇನ್ನೊಂದು ಕಾರಣವಿತ್ತು. ಅವರ ಷಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ, ಎರಡು ಬೀದಿ ಆಚೆ ಕೊಳಾಯಿ ಸಾಮಾನಿನ ಅಂಗಡಿ ಇಟ್ಟಿದ್ದ. ಎರಡು ವರ್ಷದ ಹಿಂದೆ ಇದೇ ಡಾಕ್ಟರಮ್ಮನ ಕೈಯಲ್ಲಿ ಎರಡೂ ಮಂಡಿಯನ್ನು ಪೂರ್ತಿಯಾಗಿ ಬದಲಾಯಿಸಿಕೊಂಡಿದ್ದ. ಅಂದಿನಿಂದ ನೆಂಟರಿಷ್ಟರ ನಡುವೆ ಅವನ ಮಾತು ಶುರುವಾಗುತ್ತಿದ್ದದ್ದೇ "ನನ್ನ ಎರಡೂ ಫುಲ್ಲು" ಎಂದು.

ಶಸ್ತ್ರಚಿಕಿತ್ಸೆ ಮುಗಿದ ಮರುದಿನವೇ ಅವನು ಆಸ್ಪತ್ರೆಗೆ ಬಂದ. ಮಂಚದ ಪಕ್ಕದ ಕುರ್ಚಿಯಲ್ಲಿ ಕಾಲು ಎರಡನ್ನೂ ನೀಟಾಗಿ ಮುಂದೆ ಚಾಚಿ ಕುಳಿತ. ಅವು ಅದಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ.

"ಏನಪ್ಪಾ ತಕ್ಕಡಿ, ಎಷ್ಟು ಹಾಕಿದ್ರು? ಫುಲ್ಲಾ?"

ಸಾಹೇಬರು ಸೂರು ನೋಡಿದರು, ಫ್ಯಾನು ನೋಡಿದರು, ಪಟ್ಟಿ ಸುತ್ತಿದ ತಮ್ಮ ಮಂಡಿಯನ್ನು ನೋಡಿದರು. ಪಟ್ಟಿ ಮಾತ್ರ ಪೂರ್ತಿಯಾಗಿಯೇ ಇತ್ತು.

"ಫುಲ್ಲು ಭಾವ."

ಬಿಸಿನೀರು ಬಗ್ಗಿಸುತ್ತಿದ್ದ ಹೆಂಡತಿಯ ಕೈಯಿಂದ ಫ್ಲಾಸ್ಕಿನ ಮುಚ್ಚಳ ಜಾರಿ ಮಂಚದ ಕೆಳಗೆ ಉರುಳಿತು. ಷಡ್ಡಕ ತೃಪ್ತಿಯಿಂದ ತಲೆಯಾಡಿಸಿದ. "ಒಳ್ಳೇದಾಯ್ತು. ಅರ್ಧ ಗಿರ್ಧ ಅಂತ ಹೇಳ್ತಾರೆ, ಒಪ್ಪಬಾರದು. ಪೈಪಿನ ಜಾಯಿಂಟ್ ಹೋಯ್ತು ಅಂದ್ರೆ ಇಡೀ ಎಲ್ಬೋನೇ ಬದಲಾಯಿಸ್ಬೇಕು. ಅರ್ಧ ಎಲ್ಬೋ ಹಾಕಿ ನೋಡು, ಮೂರನೇ ದಿನಕ್ಕೆ ಸೋರುತ್ತೆ."

ಅವನು ಹೋದ ಮೇಲೆ ಹೆಂಡತಿ ಕೇಳಿದರು, "ರೀ, ಅದ್ಯಾಕೆ ಹಾಗಂದ್ರಿ?"

"ನೀನು ಸುಮ್ನಿರು. ಅರ್ಧಕ್ಕೆ ಯಾರು ನೋಡೋಕೆ ಬರ್ತಾರೆ?"

ಹೇಳಿದ್ದು ಒಂದು ಮಾತು, ಒಂದು ಸಲ. ಅದು ಅಲ್ಲೇ ಬಿದ್ದಿರುತ್ತಿತ್ತೋ ಏನೋ. ಆದರೆ ಸಾಹೇಬರ ಮಂಡಿಗೆ ಯಾವ ಪಠ್ಯದಲ್ಲೂ ಬರೆಯದ ಒಂದು ತೊಡಕು ತಗುಲಿಕೊಂಡಿತು: ಅದು ಅತಿ ಬೇಗ ವಾಸಿಯಾಯಿತು.

ಮೂರನೆಯ ದಿನ ವಾಕರ್ ಹಿಡಿದು ಓಡಾಡಿದರು. ಮೂರನೆಯ ವಾರಕ್ಕೆ ಕೋಲು ಮೂಲೆ ಸೇರಿತು. ಆರನೆಯ ವಾರ, ಮೂರಂತಸ್ತಿನ ಕಟ್ಟಡದ ತಮ್ಮ ಎರಡನೆಯ ಮಹಡಿಯಿಂದ ಸರಸರನೆ ಇಳಿದು ಬಂದರು. ಗಾಯದ ಹೊರಮಗ್ಗುಲಲ್ಲಿ ಅಂಗೈಯಗಲ ಜೋಮು ಹಿಡಿದಂತೆ ಇದ್ದದ್ದು ಬಿಟ್ಟರೆ ಮಂಡಿಗೆ ಹೇಳಿಕೊಳ್ಳುವಂಥ ದೂರೇ ಇರಲಿಲ್ಲ. ಷಡ್ಡಕನಿಗೆ ಇಷ್ಟೆಲ್ಲಕ್ಕೆ ಏಳು ತಿಂಗಳು ಹಿಡಿದಿತ್ತು. ಜಾಣನಾದವನು ಇಂಥ ಹೊತ್ತಿನಲ್ಲಿ ಸ್ವಲ್ಪ ಕುಂಟುತ್ತಿದ್ದ. ಸಾಹೇಬರು ಕುಂಟಲಿಲ್ಲ. ಪವಾಡಪುರುಷರಾಗಲು ತೀರ್ಮಾನಿಸಿದರು.

ಕಟ್ಟಡದ ಮುಂದಿನ ಸಿಮೆಂಟು ಬೆಂಚು ಅವರ ಪೀಠವಾಯಿತು. ಸಂಜೆ ಐದಕ್ಕೆ ಪ್ಯಾಂಟಿನ ಎಡಗಾಲನ್ನು ಮೇಲಕ್ಕೆ ಮಡಚಿ ಕೂತರೆ ಏಳುತ್ತಿದ್ದದ್ದು ದೀಪ ಹತ್ತಿದ ಮೇಲೆ. ಮಂಡಿ ನೋವಿನವರು, ಸೊಂಟ ನೋವಿನವರು, ಬರೀ ಹೊತ್ತು ಹೋಗದವರು, ಎಲ್ಲರೂ ಸುತ್ತ ನೆರೆಯುತ್ತಿದ್ದರು.

"ನೋಡಿ," ಎಂದು ಸಾಹೇಬರು ಬೆಂಚಿನ ಮೇಲೇ ಚಕ್ಕಂಬಕ್ಕಳ ಹಾಕುತ್ತಿದ್ದರು. "ಪೂರ್ತಿ ಬದಲಾಯಿಸಿದ ಕಾಲು!"

ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ಕಟ್ಟಡದ ಸಂಘದ ಕಾರ್ಯದರ್ಶಿ, ನಿವೃತ್ತ ಹೆಡ್‌ಮಾಸ್ತರು, ಮಾತುಮಾತಿಗೂ ಅರ್ಜಿ ಬರೆಯುತ್ತಿದ್ದುದರಿಂದ ಅರ್ಜಿ ಮೇಷ್ಟ್ರು ಎಂದೇ ಹೆಸರಾದವರು, ಇದನ್ನು ಸಂಘದ ನಡವಳಿ ಪುಸ್ತಕದಲ್ಲಿ ದಾಖಲಿಸಿಯೂಬಿಟ್ಟರು.

ಸುದ್ದಿ ಕೊಳಾಯಿ ಅಂಗಡಿಗೂ ಮುಟ್ಟಿತು. ಷಡ್ಡಕ ಬಾಗಿಲು ಹಾಕಿಕೊಂಡು ಚಕ್ಕಂಬಕ್ಕಳಕ್ಕೆ ಪ್ರಯತ್ನಿಸಿದ. ಅವನನ್ನು ನೆಲದಿಂದ ಎಬ್ಬಿಸಲು ಹೆಂಡತಿ ಪಕ್ಕದ ಮನೆಯವರನ್ನು ಕೂಗಬೇಕಾಯಿತು. ಎದ್ದವನೇ ನೆಟ್ಟಗೆ ಬೆಂಚಿನ ಬಳಿಗೆ ಬಂದ.

"ನಿನ್ನದೂ ಫುಲ್ಲು, ನನ್ನದೂ ಫುಲ್ಲು. ನಿನ್ನದು ಹೇಗಯ್ಯಾ ಮಡಚುತ್ತೆ?"

"ಮನಸ್ಸು ಗಟ್ಟಿ ಇರಬೇಕು ಭಾವ."

"ಮನಸ್ಸಲ್ಲ! ನನಗೆ ಹಳೇ ಸ್ಟಾಕ್ ಹಾಕಿದ್ದಾರೆ. ಗೋಡೌನ್‌ನಲ್ಲಿ ಬಿದ್ದಿದ್ದು. ಆ ಡಾಕ್ಟರಮ್ಮನ್ನ ನಾನು ಸುಮ್ನೆ ಬಿಡಲ್ಲ."

ಇಲ್ಲಿಯವರೆಗೆ ಸಾಹೇಬರ ಸುಳ್ಳಿನಿಂದ ಕೆಟ್ಟದ್ದು ಒಬ್ಬ ಷಡ್ಡಕನ ನೆಮ್ಮದಿ ಮಾತ್ರ. ಅದು ಸಾಹೇಬರ ಲೆಕ್ಕದಲ್ಲಿ ನಷ್ಟವೂ ಅಲ್ಲ. ಆದರೆ ಒಂದು ಸಂಜೆ ನೆಲಮಹಡಿಯ ಟೈಲರಮ್ಮ ಎಕ್ಸ್‌ರೇ ಚೀಲ ಹಿಡಿದು ಬೆಂಚಿನ ಮುಂದೆ ನಿಂತರು.

ಟೈಲರಮ್ಮ ಇಪ್ಪತ್ತಾರು ವರ್ಷದಿಂದ ಕಾಲಲ್ಲಿ ತುಳಿಯುವ ಮಷೀನಿನಲ್ಲಿ ಇಡೀ ಬೀದಿಯ ಬಟ್ಟೆ ಹೊಲಿದವರು. ಮೋಟಾರು ಹಾಕಿದರೆ ಹೊಲಿಗೆ ತನ್ನ ಮಾತು ಕೇಳುವುದಿಲ್ಲ ಎಂದು ಹಟ ಹಿಡಿದವರು. ಈಗ ಬಲಮಂಡಿ ಕೈಕೊಟ್ಟಿತ್ತು.

"ಸಾಹೇಬ್ರೇ, ಡಾಕ್ಟರಮ್ಮ ನನಗೆ ಅರ್ಧ ಸಾಕು ಅಂತಿದ್ದಾರೆ. ಅರ್ಧ ಹಾಕಿಸ್ಕೊಂಡ್ರೆ ಮತ್ತೆ ಮಷೀನ್ ತುಳೀಬಹುದು ಅಂತಾರೆ. ನೀವು ಫುಲ್ ಹಾಕಿಸ್ಕೊಂಡು ಹೀಗೆ ಕೂತಿದ್ದೀರಿ. ನಾನೂ ಫುಲ್ಲೇ ಕೇಳಲಾ?"

ಸಾಹೇಬರು ಮಡಚಿದ್ದ ಪ್ಯಾಂಟನ್ನು ಕೆಳಕ್ಕೆ ಇಳಿಸಿದರು. "ಅದು... ಡಾಕ್ಟರು ಹೇಳಿದ್ದಾರೆ ಅಂದ್ರೆ..." ಎಂದು ಶುರುಮಾಡಿದರು. ಅಷ್ಟರಲ್ಲಿ ಅರ್ಜಿ ಮೇಷ್ಟ್ರು ಪೆನ್ನು ಬಿಚ್ಚಿ ನಡವಳಿ ಪುಸ್ತಕ ತೆರೆದರು. ಅಂದೂ ಬಂದು ಕೂತಿದ್ದ ಷಡ್ಡಕ ಕಣ್ಣು ಕಿರಿದು ಮಾಡಿದ. ಹನ್ನೊಂದು ಜನ ಬಾಯಿ ತೆರೆದು ಕಾಯುತ್ತಿದ್ದರು. ಹನ್ನೊಂದು ಜನರನ್ನು ನಿರಾಸೆಗೊಳಿಸುವುದು ಸಾಹೇಬರ ಜಾಯಮಾನಕ್ಕೆ ಒಗ್ಗದ ಸಂಗತಿ.

"ಅರ್ಧ ಅನ್ನೋದು," ಎಂದರು ಅವರು ಗಂಭೀರವಾಗಿ, "ಒಂದು ಅಳತೆಯೇ ಅಲ್ಲ."

ಮೇಷ್ಟ್ರು ಬರೆದುಕೊಂಡರು. ಟೈಲರಮ್ಮ ಕೈಮುಗಿದು ಹೋದರು. ಮರುದಿನ ಆಸ್ಪತ್ರೆಗೆ ಹೋಗಿ ಪೂರ್ತಿಯೇ ಬೇಕೆಂದು ಪಟ್ಟು ಹಿಡಿದರು. ಡಾಕ್ಟರಮ್ಮ ತಿಳಿಹೇಳಿ ಸುಸ್ತಾಗಿ, ಶುಕ್ರವಾರಕ್ಕೆ ದಿನ ಗೊತ್ತುಮಾಡಿ, ಅಷ್ಟರೊಳಗೆ ಇನ್ನೊಮ್ಮೆ ಯೋಚಿಸಿ ಎಂದು ಕಳಿಸಿದರು.

ಮಂಗಳವಾರ ಬೆಳಿಗ್ಗೆ ಸಾಹೇಬರ ಹೆಂಡತಿ ಒಗೆದ ಬಟ್ಟೆಯನ್ನು ಒದರಿದ ರಭಸಕ್ಕೇ ಸಾಹೇಬರಿಗೆ ಹವಾಮಾನ ಗೊತ್ತಾಯಿತು.

"ಆ ಹೆಂಗಸಿನ ಹೊಟ್ಟೆಪಾಡು ಕಾಲಲ್ಲಿದೆ ಕಣ್ರೀ. ನಿಮ್ಮ ಬಾಯಿಚಪಲಕ್ಕೆ ಆಕೆಯ ಗಟ್ಟಿ ಮೂಳೆ ಕತ್ತರಿಸಿ ಎಸೀಬೇಕಾ?"

"ಫುಲ್ ಹಾಕಿಸ್ಕೊಂಡವರು ಏನು ಸತ್ತುಹೋಗ್ತಾರಾ? ಭಾವ ಓಡಾಡ್ತಿಲ್ವಾ?"

"ಭಾವನ ಮಂಡಿ ಪೂರ್ತಿ ಹೋಗಿತ್ತು, ಪೂರ್ತಿ ಹಾಕಿದ್ರು. ಆಕೆದು ಹೋಗಿಲ್ಲ. ನೀವು ಇವತ್ತು ಹೋಗಿ ಹೇಳ್ತೀರೋ, ನಾನೇ ಆ ಬೆಂಚಿನ ಮೇಲೆ ನಿಂತು ಹೇಳ್ಲೋ?"

ಹೆಂಡತಿ ಬೆಂಚು ಹತ್ತುವ ಪೈಕಿ ಎಂಬುದು ಸಾಹೇಬರಿಗೆ ಮೂವತ್ತು ವರ್ಷದ ಅನುಭವದಿಂದ ಗೊತ್ತಿತ್ತು. ಅವರು ಸತ್ಯ ಹೇಳಲು ಹೊರಟರು. ಮೊದಲ ಸಲ ಒಂದನೆಯ ಮಹಡಿಯವರೆಗೆ ಇಳಿದು, ಕನ್ನಡಕ ಮರೆತೆನೆಂದು ವಾಪಸು ಬಂದರು. ಸತ್ಯ ಹೇಳಲು ಕನ್ನಡಕ ಯಾಕೆ ಎಂದು ಹೆಂಡತಿ ಕೇಳಿದರು. ಎರಡನೆಯ ಸಲ ಕೆಳಗಿನ ಮೆಟ್ಟಿಲಿನವರೆಗೆ ಹೋದಾಗ ಕೆಮ್ಮು ಬಂತು. ಮೂರನೆಯ ಸಲ ಹೆಂಡತಿಯೇ ಹಿಂದಿನಿಂದ ಬಂದು, ಟೈಲರಮ್ಮನ ಅಂಗಡಿಯ ಬಾಗಿಲ ತನಕ ಬಿಟ್ಟು, ಹೊರಗೆ ನಿಂತರು.

ಒಳಗೆ ಸಾಹೇಬರ ದುರದೃಷ್ಟ ಪೂರ್ಣ ಕೋರಂನಲ್ಲಿ ಸೇರಿತ್ತು. ಷಡ್ಡಕ ಮಂಡಿಯ ಬಳಿ ಸಡಿಲ ಮಾಡಿಸಲು ಪ್ಯಾಂಟು ತಂದಿದ್ದ. ಅರ್ಜಿ ಮೇಷ್ಟ್ರು ಅಂಗಿಯ ಗುಂಡಿ ಹಾಕಿಸಲು ಬಂದು, ಅಂಗಿ ಬಿಚ್ಚಿಕೊಟ್ಟು, ಬನಿಯನ್ನಿನಲ್ಲಿ ಪತ್ರಿಕೆ ಓದುತ್ತಿದ್ದರು. ಟೈಲರಮ್ಮ ಎಡಗಾಲೊಂದರಲ್ಲೇ ಮಷೀನು ತುಳಿಯುತ್ತ ಹಲ್ಲು ಕಚ್ಚಿದ್ದರು.

ಸಾಹೇಬರು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದರು. "ಟೈಲರಮ್ಮಾ, ನನಗೆ ಹಾಕಿರೋದು ಅರ್ಧ."

ಮಷೀನು ನಿಂತಿತು.

"ಅರ್ಧಾನಾ?" ಎಂದ ಷಡ್ಡಕ.

"ಅರ್ಧ."

ಷಡ್ಡಕನ ಮುಖ ಕೆಂಪಾಯಿತು. ಸಾಹೇಬರು ಬೈಗುಳಕ್ಕೆ ತಯಾರಾಗಿ ಕಿವಿ ಗಟ್ಟಿ ಮಾಡಿಕೊಂಡರು. ಆದರೆ ಷಡ್ಡಕ ಪ್ಯಾಂಟನ್ನು ನೆಲಕ್ಕೆ ಎಸೆದು ಗುಡುಗಿದ. "ಎಂಥಾ ಅನ್ಯಾಯ! ಫುಲ್ ಅಂತ ಹೇಳಿ ಅರ್ಧ ಹಾಕಿ ಕಳಿಸಿದ್ರಾ?"

ಮೇಷ್ಟ್ರು ಬನಿಯನ್ನಿನಲ್ಲೇ ಎದ್ದು ನಿಂತರು. "ಏನು? ತೂಕದ ಸಾಹೇಬರಿಗೇ ಅಳತೆಯಲ್ಲಿ ಮೋಸ?"

ಸಾಹೇಬರು ಕಣ್ಣು ಬಿಟ್ಟರು. ಎದುರಿಗೆ ಎರಡು ದಾರಿ ಕಂಡವು. ಒಂದರ ಕೊನೆಗೆ ಸುಳ್ಳುಗಾರ ನಿಂತಿದ್ದ, ಇನ್ನೊಂದರ ಕೊನೆಗೆ ಮೋಸಹೋದ ಬಡಪಾಯಿ. ಬಡಪಾಯಿಯ ಸುತ್ತ ಜನ ಹೆಚ್ಚಿದ್ದರು.

"ನನಗೂ," ಎಂದರು ಅವರು ಕ್ಷೀಣ ದನಿಯಲ್ಲಿ, "ಈಗ ತಾನೇ ಗೊತ್ತಾಯ್ತು."

ಬಾಗಿಲಾಚೆ ಹೆಂಡತಿ ತಲೆಯ ಮೇಲೆ ಕೈ ಹೊತ್ತರು.

ಅರ್ಜಿ ಮಧ್ಯಾಹ್ನದೊಳಗೆ ಸಿದ್ಧವಾಯಿತು. ಮೇಷ್ಟ್ರ ಜೀವನದಲ್ಲಿ ಬೀದಿದೀಪ, ಚರಂಡಿ, ನಾಯಿಕಾಟಗಳ ಬಗ್ಗೆ ಸಾವಿರ ಅರ್ಜಿ ಬರೆದದ್ದಿದೆ. ಆದರೆ ಇಂಥ ವಿಷಯ ಸಿಕ್ಕಿದ್ದು ಇದೇ ಮೊದಲು. "ವಿಷಯ: ಉಳಿದರ್ಧ ಮಂಡಿ ಒದಗಿಸುವ ಬಗ್ಗೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿಯವರಿಗೆ ಪೂರ್ಣ ಮಂಡಿಯನ್ನು ಅಳವಡಿಸುವುದಾಗಿ ನಂಬಿಸಿ, ಅರ್ಧವನ್ನಷ್ಟೇ ಅಳವಡಿಸಿ, ಉಳಿದರ್ಧವನ್ನು ತಮ್ಮಲ್ಲಿಯೇ ಇರಿಸಿಕೊಂಡಿರುವುದು ಸಂಘದ ಗಮನಕ್ಕೆ ಬಂದಿರುತ್ತದೆ. ಈ ಪತ್ರ ತಲುಪಿದ ಏಳು ದಿನಗಳೊಳಗಾಗಿ ಸದರಿ ಉಳಿದರ್ಧ ಮಂಡಿಯನ್ನು ಒದಗಿಸತಕ್ಕದ್ದು." ಕೆಳಗೆ ಹದಿನೇಳು ಸಹಿ. ಎಲ್ಲಕ್ಕಿಂತ ಕೆಳಗೆ, ಬಹಳ ಸಣ್ಣದಾಗಿ, ಸಾಹೇಬರದು.

ಬುಧವಾರ ನಿಯೋಗ ಹೊರಟಿತು. ಮುಂದೆ ಮೇಷ್ಟ್ರು, ಅವರ ಹಿಂದೆ ಎರಡು ಕಾಲನ್ನೂ ಕಂಬದಂತೆ ಎತ್ತಿಡುತ್ತ ಷಡ್ಡಕ, ಕುಂಟುತ್ತ ಟೈಲರಮ್ಮ, ತುಟಿ ಬಿಗಿದ ಹೆಂಡತಿ, ಕೊನೆಯಲ್ಲಿ ಸಾಹೇಬರು. ಅವರು ಈಗ ಕುಂಟಲು ಶುರುಮಾಡಿದ್ದರು. ಆತಂಕದಲ್ಲಿ ಆಗಾಗ ಕುಂಟುವ ಕಾಲು ಬದಲಾಗುತ್ತಿತ್ತು.

"ಪೇಷಂಟು ಯಾರು?" ಎಂದಳು ಸ್ವಾಗತ ಕೌಂಟರಿನ ಹುಡುಗಿ, ಬಂದವರ ನಡಿಗೆ ನೋಡಿ ಕಂಗಾಲಾಗಿ.

"ನ್ಯಾಯ!" ಎಂದರು ಮೇಷ್ಟ್ರು.

ಡಾಕ್ಟರಮ್ಮ ಅರ್ಜಿಯನ್ನು ಒಂದು ಸಲ ಓದಿದರು. ಕನ್ನಡಕ ಒರೆಸಿ ಇನ್ನೊಂದು ಸಲ ಓದಿದರು. ಆಮೇಲೆ ಸಾಹೇಬರನ್ನು ನೋಡಿದರು. ಸಾಹೇಬರು ಮೂಲೆಯಲ್ಲಿ ತೂಗುಹಾಕಿದ್ದ ಅಸ್ಥಿಪಂಜರವನ್ನು ನೋಡಿದರು. ಅದು ಎಲ್ಲ ಗೊತ್ತಿದ್ದವರ ಹಾಗೆ ನಗುತ್ತಿತ್ತು.

"ಸರ್, ಇದು ನಿಮ್ಮ ಸಹಿಯೇ?"

"ಹೌ... ಹದಿನೆಂಟನೇದು."

"ಅರ್ಧ ಹಾಕ್ತೀನಿ ಅಂತ ನಾನು ನಿಮಗೆ ಹೇಳಿರಲಿಲ್ವಾ?"

ಷಡ್ಡಕ ಮೇಜು ಗುದ್ದಿದ. "ಅವನನ್ನೇನು ಹೆದರಿಸ್ತೀರಿ? ಸಾಮಾನು ಪೂರ್ತಿ ಕೊಡ್ತೀರೋ ಇಲ್ವೋ ಹೇಳಿ!"

ಡಾಕ್ಟರಮ್ಮ ಅರ್ಜಿಯನ್ನು ಮಡಚಿ ಮೇಜಿನ ಮೇಲಿಟ್ಟರು. ಕಪಾಟಿನಲ್ಲಿದ್ದ, ಸಾಹೇಬರು ಸಹಿ ಜಡಿದಿದ್ದ ಕಾಗದಗಳ ಫೈಲಿನ ಕಡೆ ಕೈ ಚಾಚಿ, ಏನನ್ನೋ ಯೋಚಿಸಿ, ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಬಹಳ ಮೃದುವಾಗಿ ಹೇಳಿದರು.

"ಕೊಡ್ತೀನಿ. ನ್ಯಾಯವಾದ ಕೋರಿಕೆ. ಏಳು ದಿನ ಯಾಕೆ? ನಾಳೆ ಬೆಳಿಗ್ಗೆ ಮೊದಲ ಆಪರೇಷನ್ ಇವರದೇ. ಸಿಸ್ಟರ್, ಇವರಿಗೆ ಗೌನ್ ಹಾಕಿಸಿ."

"ಗೆದ್ವಿ!" ಎಂದ ಷಡ್ಡಕ. ಮೇಷ್ಟ್ರು ಟೈಲರಮ್ಮನ ಕೈ ಕುಲುಕಿದರು. ಸಾಹೇಬರು ಬಾಯಿ ತೆರೆದು ಮುಚ್ಚುವಷ್ಟರಲ್ಲಿ ನರ್ಸು ಅವರನ್ನು ಪರದೆಯ ಹಿಂದಕ್ಕೆ ಕರೆದೊಯ್ದಳು. ಮರಳಿ ಬಂದಾಗ ಅವರ ಮೈಮೇಲೆ ಬೆನ್ನ ಕಡೆ ಪೂರ್ತಿ ತೆರೆದ ಹಸಿರು ಗೌನಿತ್ತು. ಹಿಂದಿನಿಂದ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. ನರ್ಸು ಮಾರ್ಕರ್ ಪೆನ್ನಿನಿಂದ ಅವರ ಎಡತೊಡೆಯ ಮೇಲೆ, ಮಂಡಿಯತ್ತ ತಿರುಗಿದ ದಪ್ಪ ಬಾಣ ಬರೆದಳು.

"ಈಗ ಕೇಳಿಸ್ಕೊಳ್ಳಿ," ಎಂದರು ಡಾಕ್ಟರಮ್ಮ ಬೆರಳು ಮಡಚುತ್ತ. "ಹಾಕಿರೋ ಅರ್ಧ ಚೆನ್ನಾಗಿ ಕೂತಿದೆ, ಅದನ್ನ ಕಿತ್ತು ತೆಗೀಬೇಕು. ಅದರ ಜೊತೆ ಸ್ವಲ್ಪ ಮೂಳೆನೂ ಬರುತ್ತೆ. ಉಳಿದಿರೋ ಒಳ್ಳೆ ಮೂಳೆನೂ ಕೊಯ್ತೀವಿ. ಎರಡನೇ ಸಲ ಆದ್ರಿಂದ ನಂಜಾಗೋ ಸಾಧ್ಯತೆ ಹೆಚ್ಚು, ರಕ್ತ ಹೆಪ್ಪುಗಟ್ಟೋದನ್ನ ನೋಡ್ಕೋಬೇಕು. ಕೆಲವರಿಗೆ ನೋವು ಕೊನೇವರೆಗೂ ಉಳಿಯುತ್ತೆ. ಇಷ್ಟೆಲ್ಲ ಆದಮೇಲೆ ಕಾಲು ಈಗಿನಷ್ಟು ಮಡಚಲ್ಲ."

ಟೈಲರಮ್ಮ ಮುಂದೆ ಬಂದರು. "ಮೇಡಂ, ಅಂದ್ರೆ ಇವರಿಗೆ ಹೀಗೆ ಮಡಚೋಕೆ ಆಗ್ತಿರೋದು ಅರ್ಧ ಹಾಕಿರೋದಕ್ಕೆನಾ?"

"ಹೌದಮ್ಮ."

"ಹಾಗಾದ್ರೆ ಪೂರ್ತಿ ಯಾಕೆ ಮಾಡ್ತೀರಿ?"

"ಅರ್ಜಿ ಕೊಟ್ಟಿದ್ದೀರಲ್ಲ. ಹದಿನೆಂಟು ಸಹಿ ಇದೆ. ನಾನೊಬ್ಬಳು ಏನು ಮಾಡಲಿ?"

ನರ್ಸು ಗಾಲಿಕುರ್ಚಿ ತಂದು ಸಾಹೇಬರ ಹಿಂದೆ ಇಟ್ಟಳು. ಮೇಷ್ಟ್ರು ಹೋರಾಟ ಮತ್ತು ತ್ಯಾಗದ ಬಗ್ಗೆ ಎರಡು ಮಾತು ಆಡಲು ಗಂಟಲು ಸರಿಮಾಡಿಕೊಂಡರು. ಗಾಲಿಕುರ್ಚಿಯ ತಣ್ಣನೆಯ ಸೀಟು ಗೌನಿನ ತೆರೆದ ಭಾಗಕ್ಕೆ ತಗುಲಿದ್ದೇ ತಡ, ಸಾಹೇಬರು ಹೌಹಾರಿ ನಿಂತುಬಿಟ್ಟರು.

"ಬೇಡ! ಬೇಡ ಮೇಡಂ! ನೀವು ಹೇಳಿದ್ರಿ, ಅರ್ಧ ಅಂತಲೇ ಹೇಳಿದ್ರಿ! ನಾನೇ ಎಲ್ಲರ ಹತ್ರ ಫುಲ್ ಅಂತ ಸುಳ್ಳು ಹೇಳಿದ್ದು! ಭಾವನ ಎದುರು ಅರ್ಧ ಅನ್ನೋಕೆ ನಾಚಿಕೆ ಆಯ್ತು!"

ಕೂಗುವ ಭರದಲ್ಲಿ ಗೌನನ್ನು ಹಿಡಿದಿದ್ದ ಕೈಯನ್ನೂ ಎತ್ತಿ ಆಣೆ ಮಾಡಿದ್ದರಿಂದ, ಅಂದು ಆ ಕೋಣೆಯಲ್ಲಿ ಸತ್ಯ ಎಲ್ಲ ಕಡೆಯಿಂದಲೂ ಬಯಲಾಯಿತು. ಹೆಂಡತಿ ತಮ್ಮ ಶಾಲು ತೆಗೆದು ಅವರ ಬೆನ್ನಿಗೆ ಹೊದಿಸಿದರು.

ಷಡ್ಡಕನ ಮುಖ ಮೊದಲು ಕಪ್ಪಿಟ್ಟಿತು. ಆಮೇಲೆ ಅದರ ಮೇಲೆ ಮೆಲ್ಲಗೆ ಒಂದು ಬೆಳಕು ಹರಡಿತು. "ತಡಿ, ತಡಿ. ಹಾಗಾದ್ರೆ ನಮ್ಮಲ್ಲಿ ಫುಲ್ ಇರೋದು ನನಗೊಬ್ಬನಿಗೇ!" ಅವನು ಡಾಕ್ಟರಮ್ಮನಿಗೆ ಎರಡೂ ಕೈ ಜೋಡಿಸಿ ನಮಸ್ಕರಿಸಿದ. "ಮೇಡಂ, ನಿಮ್ಮ ಸ್ಟಾಕ್ ಮೇಲೆ ಅನುಮಾನ ಪಟ್ಟಿದ್ದೆ. ತಪ್ಪಾಯ್ತು."

ಮೇಷ್ಟ್ರು ಮಾತ್ರ ಅರ್ಜಿ ಹಿಡಿದು ಅನಾಥರಂತೆ ನಿಂತಿದ್ದರು. "ಇದನ್ನ ಹಿಂದಕ್ಕೆ ಪಡೀಬೇಕಂದ್ರೆ ಇನ್ನೊಂದು ಅರ್ಜಿ ಕೊಡಬೇಕಾಗುತ್ತೆ," ಎಂದು ಗೊಣಗಿದರು.

ಟೈಲರಮ್ಮ ಏನೂ ಕೂಗಾಡಲಿಲ್ಲ. ಸಾಹೇಬರ ಎದುರು ಬಂದು, ಬಟ್ಟೆಗೆ ಗುರುತು ಹಾಕುವಾಗ ನೋಡುವ ಹಾಗೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಪ್ಪತ್ತಾರು ವರ್ಷದಲ್ಲಿ ಒಬ್ಬರ ಅಳತೆಗೆ ಇನ್ನೊಬ್ಬರ ಅಂಗಿ ಹೊಲಿದವಳಲ್ಲ ಸಾಹೇಬ್ರೇ ನಾನು. ನಿಮ್ಮ ಬಾಯಿ ಅಳತೆಗೆ ನನ್ನ ಕಾಲು ಕೊಯ್ಸೋಕೆ ಹೊರಟಿದ್ನಲ್ಲ. ನಿಮಗೆ ನಾಚಿಕೆ ಇಲ್ಲ ಸರಿ, ನನ್ನ ಬುದ್ಧಿ ಎಲ್ಲಿ ಹೋಗಿತ್ತು?" ಎಂದವರೇ ಡಾಕ್ಟರಮ್ಮನ ಕಡೆ ತಿರುಗಿದರು. "ಮೇಡಂ, ಶುಕ್ರವಾರ ನನಗೆ ಅರ್ಧ. ಆ ಕಾಗದ ಕೊಡಿ. ನನಗೆ ಓದೋಕೆ ನಿಧಾನ ಆಗುತ್ತೆ, ಇಲ್ಲೇ ಕೂತು ಓದ್ತೀನಿ."

ಅವರು ಹೊರಗಿನ ಬೆಂಚಿನಲ್ಲಿ ಕೂತು ಎರಡು ಗಂಟೆ ಓದಿದರು. ಅರ್ಥವಾಗದ ಕಡೆ ಒಳಗೆ ಹೋಗಿ ಕೇಳಿದರು. ಒಟ್ಟು ಹನ್ನೆರಡು ಸಲ ಹೋದರು.

ಶುಕ್ರವಾರ ಟೈಲರಮ್ಮನಿಗೆ ಅರ್ಧ ಮಂಡಿ ಬಂತು. ವಾಸಿಯಾಗಲು ಸಾಹೇಬರಿಗಿಂತ ಹೆಚ್ಚು ಕಾಲ ಹಿಡಿಯಿತು, ನಡುವೆ ಒಂದು ವಾರ ಕಾಲು ಬಾತು ಎಲ್ಲರಿಗೂ ಆತಂಕವಾಯಿತು. ಆದರೆ ಮೂರು ತಿಂಗಳಿಗೆ ನೆಲಮಹಡಿಯಿಂದ ಮಷೀನಿನ ಸದ್ದು ಮೊದಲಿನ ಹಾಗೆ ಎರಡು ಕಾಲಿನ ತಾಳದಲ್ಲಿ ಕೇಳತೊಡಗಿತು. ಬೀದಿಯವರು ಈಗ ಮಂಡಿಯ ವಿಷಯ ಕೇಳಲು ಅಲ್ಲಿಗೆ ಹೋಗುತ್ತಿದ್ದರು. ಟೈಲರಮ್ಮ ಎಲ್ಲರಿಗೂ ಹೇಳುತ್ತಿದ್ದದ್ದು ಒಂದೇ ಮಾತು: "ನನ್ನ ಕಾಲಿನ ಕಥೆ ನನಗೆ. ನಿಮ್ಮದು ಡಾಕ್ಟರ ಹತ್ರ ಕೇಳಿ. ಕೊಟ್ಟ ಕಾಗದ ಓದಿ."

ಬೆಂಚು ಖಾಲಿಯಾಯಿತು. ಸಾಹೇಬರು ಕೂತರೆ ಪಕ್ಕದಲ್ಲಿ ಕೂತವರು ಎದ್ದುಹೋಗುತ್ತಿರಲಿಲ್ಲ, ಅಷ್ಟು ಒರಟು ಜನ ಅಲ್ಲ ಅವರು. ಆದರೆ ಸಾಹೇಬರು ಗಂಟೆ ಎಷ್ಟೆಂದು ಹೇಳಿದರೂ ತಮ್ಮ ಗಡಿಯಾರ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ, ಲಾರಿ ತೂಗುವ ವೇ ಬ್ರಿಡ್ಜಿನ ತಪಾಸಣೆಗೆ ಹೋದ ಸಾಹೇಬರು, ಲಾರಿಯ ಕ್ಯಾಬಿನ್ನಿನಿಂದ ಇಳಿಯುವಾಗ ಒಂದು ಕಾಲು ನೆಲಕ್ಕಿಟ್ಟು ಮೈ ತಿರುಗಿಸಿದರು. ಎಡಮಂಡಿಯೊಳಗೆ ಟಕ್ ಎಂದಿತು. ಅಷ್ಟೇ. ಕಾಲು ಅತ್ತ ಮಡಚದು, ಇತ್ತ ನೆಟ್ಟಗಾಗದು. ಸಾಹೇಬರು ತೂಕದ ಹಲಗೆಯ ಮೇಲೇ ಕುಸಿದು ಕೂಗಿಕೊಂಡರು.

ಸಹಾಯಕನಾಗಿ ಬಂದಿದ್ದ ಗುಮಾಸ್ತ ಅತ್ತಿತ್ತ ನೋಡಿದ. "ಸಾರ್, ಯಾರೂ ನೋಡ್ತಿಲ್ಲ. ಏಳಿ."

"ನಿಜವಾಗಿ ನೋವು ಕಣಯ್ಯಾ!"

ಲಾರಿ ಡ್ರೈವರ್ ಮೀಟರಿನಲ್ಲಿ ಸಾಹೇಬರ ತೂಕ ನೋಡಿ ಸರಿಯಾಗಿದೆಯೆಂದ. ಸಾಹೇಬರು ಬೆವರುತ್ತ ಮನೆಗೆ ಫೋನು ಮಾಡಿದರು. ಹೆಂಡತಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಅರ್ಧ ನೋವೋ, ಪೂರ್ತಿ ನೋವೋ?"

"ಪೂರ್ತಿ ಕಣೇ!"

"ನಿಮ್ಮ ಪೂರ್ತಿ ಎಷ್ಟು ಅಂತ ನನಗೆ ಗೊತ್ತು. ಒಲೆ ಮೇಲೆ ಸಾರು ಇಟ್ಟಿದ್ದೀನಿ, ಇಡಿ ಫೋನು."

ಕೊನೆಗೆ ಡ್ರೈವರನೇ ಅವರನ್ನು ಮೂಟೆ ಸಾಗಿಸುವ ಕೈಗಾಡಿಯ ಮೇಲೆ ಕೂರಿಸಿ ಆಸ್ಪತ್ರೆಗೆ ತಳ್ಳಿಕೊಂಡು ಹೊರಟ. ಕಟ್ಟಡದ ಮುಂದೆ ಹಾಯುವಾಗ ಮೇಷ್ಟ್ರು ಬಾಲ್ಕನಿಯಿಂದ ಚಪ್ಪಾಳೆ ತಟ್ಟಿದರು. ಸಾಹೇಬರು ಪ್ರಾಯಶ್ಚಿತ್ತದ ಮೆರವಣಿಗೆ ಹೊರಟಿದ್ದಾರೆಂದು ಅವರು ಭಾವಿಸಿದ್ದರು. ಟೈಲರಮ್ಮ ಮಷೀನು ನಿಲ್ಲಿಸಿ ಹೊರಗೆ ಬಂದು, ಸಾಹೇಬರ ಮುಖವನ್ನಲ್ಲ, ಮಂಡಿಯನ್ನು ನೋಡಿದರು. ಒಂದು ಮಗ್ಗುಲು ಉಬ್ಬಿತ್ತು.

"ಇದು ಸುಳ್ಳಲ್ಲ," ಎಂದು ಬಾಗಿಲಿಗೆ ಬೀಗ ಹಾಕಿ, ಗಾಡಿಯ ಜೊತೆ ಹೆಜ್ಜೆ ಹಾಕಿದರು.

ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿದರು. ಎರಡು ಲೋಹದ ತುಂಡುಗಳ ನಡುವಿನ ಪ್ಲಾಸ್ಟಿಕ್ ಬಿಲ್ಲೆ ಜಾರಿ ಹೊರಬಂದಿತ್ತು. "ತೆರೆದು ಸ್ವಲ್ಪ ದಪ್ಪದ ಬಿಲ್ಲೆ ಹಾಕಬೇಕು. ದೊಡ್ಡ ಆಪರೇಷನ್ ಅಲ್ಲ. ಈ ಸಲ ಕಾಗದ ಓದ್ತೀರಾ ಸರ್?"

ಸಾಹೇಬರು ಓದಿದರು. ಸ್ಟ್ರೆಚರಿನ ಮೇಲೆ ಮಲಗಿ, ಕನ್ನಡಕ ಏರಿಸಿ, ಪ್ರತಿ ಸಾಲನ್ನೂ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಅರಿವಳಿಕೆ ಡಾಕ್ಟರು ಎರಡು ಸಲ ಬಂದು ಇಣುಕಿ ಹೋದರು. ನಾಲ್ಕನೆಯ ಪುಟದ ಮಧ್ಯದಲ್ಲಿ ಸಾಹೇಬರ ಬೆರಳು ನಿಂತಿತು. ನೋವಿನಿಂದ ಕಿವುಚಿದ್ದ ಮುಖ ನಿಧಾನವಾಗಿ ಅರಳಿತು.

"ಟೈಲರಮ್ಮಾ, ಕೇಳಿದ್ರಾ? ಬಿಲ್ಲೆ ಜಾರೋದು ಬಹಳ ಅಪರೂಪ ಅಂತೆ. ನೂರು ಜನಕ್ಕೆ ಒಬ್ಬರಿಗೋ ಇಬ್ಬರಿಗೋ ಅಂತೆ! ಫುಲ್ ಹಾಕಿಸ್ಕೊಂಡವರಿಗೆ ಇದು ಬೇಕಂದ್ರೂ ಸಿಗಲ್ಲ! ಭಾವನಿಗೆ ಒಂದು ಫೋನ್ ಮಾಡಿ. ಇದು ಕಂಡಕಂಡವರಿಗೆಲ್ಲ ಬರೋದಲ್ಲ, ಸಾವಿರಕ್ಕೆ ಒಬ್ಬನಿಗೆ ಬರುತ್ತೆ ಅಂತ ಹೇಳಿ."

ಟೈಲರಮ್ಮ ಫೋನು ಕೈಗೆ ತೆಗೆದುಕೊಂಡರು. ಇನ್ನೊಂದು ಕೈಯಲ್ಲಿ ಆ ಕಾಗದವನ್ನು ಸಾಹೇಬರ ಬೆರಳಡಿಯಿಂದ ಎಳೆದುಕೊಂಡರು.

"ಹೇಳ್ತೀನಿ ಸಾಹೇಬ್ರೇ. ಸ್ವಲ್ಪ ತಡೀರಿ, ಎಷ್ಟು ಜನಕ್ಕೆ ಒಬ್ಬ ಅಂತ ಇಲ್ಲಿ ಬರೆದಿದೆ, ಅದನ್ನ ಓದಿ ಹೇಳ್ತೀನಿ."